ನಡುವಲ್ಲೇ ನಿಂತ ಮುಳ್ಳು: ಡೀಸೆಲ್ ಟ್ರಕ್ಕಿಗೆ ಆಯಿಲ್ ಟೆಂಪರೇಚರ್ ಗೇಜ್ ಯಾಕೆ ಬೇಕು

ಸಾಮಾನ್ಯವಾಗಿ ಈ ಪಾಡ್‌ಕಾಸ್ಟ್‌ನಲ್ಲಿ ನಾವು ಒಂದು ವಿಜ್ಞಾನದ ವಿಷಯ ತಗೊಂಡು, ಅದರ ಒಳಗೆಲ್ಲ ಓಡಾಡಿ, ಎರಡೂ ಕಡೆಯ ವಾದ ಕೇಳಿ ಬರ್ತೀವಿ. ಇವತ್ತು ನಾನು ಒಂದೇ ಕಡೆ ನಿಂತು ಮಾತಾಡ್ತೀನಿ, ಮೊದಲೇ ಹೇಳಿಬಿಡ್ತೀನಿ. ವಿಷಯ ಏನಪ್ಪಾ ಅಂದ್ರೆ, ಡೀಸೆಲ್ ಟ್ರಕ್ಕಿನ ಇಂಜಿನ್ ಆಯಿಲ್ ಎಷ್ಟು ಬಿಸಿಯಾಗಿದೆ ಅಂತ ತೋರಿಸೋ ಒಂದು ಗೇಜನ್ನ ನಾವೇ ಕೈಯಿಂದ ದುಡ್ಡು ಹಾಕಿ ಕೂರಿಸಬೇಕಾ, ಬೇಡ್ವಾ? ಕೂರಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಟ್ರಕ್ ಇಲ್ಲದವರು ಮುಂದಿನ ಸಂಚಿಕೆಗೆ ಹಾರಬೇಡಿ. ಇದರಲ್ಲಿ 1883ರ ಒಂದು ಪ್ರಯೋಗ ಬರುತ್ತೆ, ಒಂದು ಬೆಟ್ಟ ಬರುತ್ತೆ, ನಮ್ಮ ಮನೆಯ ಹಾಲಿನ ಪಾತ್ರೆಯೂ ಬರುತ್ತೆ.

ಊರಲ್ಲಿ ಕೇಳ್ತಿರೋರಿಗೆ ಒಂದು ಮಾತು. ಇಲ್ಲಿ ಅಮೆರಿಕದಲ್ಲಿ ಟ್ರಕ್ ಅಂದ್ರೆ ಲಾರಿ ಅಂತಲೇ ಅರ್ಥ ಅಲ್ಲ, ಪಿಕಪ್‌ಗೂ ಟ್ರಕ್ ಅಂತಾರೆ. ನನ್ನ ಹತ್ರ ಇರೋದು ಹನ್ನೆರಡು ವರ್ಷ ಹಳೇ ಡೀಸೆಲ್ ಪಿಕಪ್, ಸೆಕೆಂಡ್ ಹ್ಯಾಂಡ್. ಯಾವ ಕಂಪನಿ ಅಂತ ಹೇಳಲ್ಲ, ಈ ಕಥೆ ಯಾವ ಕಂಪನಿ ಗಾಡಿಗೂ ಆಗಬಹುದಿತ್ತು. ನಾವಿರೋದು ಡೆನ್ವರ್ ಹತ್ರ. ಬೇಸಿಗೆಯಲ್ಲಿ ಹಿಂದೆ ಮೂರೂವರೆ ಟನ್ನಿನ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು, ಹೆಂಡತಿ ಮಕ್ಕಳ ಜೊತೆ ಬೆಟ್ಟದ ಆಚೆ ಹೋಗೋದು ನಮ್ಮ ಅಭ್ಯಾಸ.

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗೋ ಹೆದ್ದಾರಿ ಐ-70. ಜಾರ್ಜ್‌ಟೌನ್ ಅಂತ ಒಂದು ಹಳೇ ಗಣಿ ಊರು ಸಿಗುತ್ತೆ, ಸಮುದ್ರ ಮಟ್ಟದಿಂದ ಸುಮಾರು 2,600 ಮೀಟರ್. ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಏರಿದ್ರೆ ಐಸೆನ್‌ಹೋವರ್ ಸುರಂಗ. ಅದರ ಎತ್ತರ 11,158 ಅಡಿ, ಅಂದ್ರೆ 3,400 ಮೀಟರ್. ಒಂದು ಜುಲೈ ಮಧ್ಯಾಹ್ನ ಟ್ರೇಲರ್ ಎಳ್ಕೊಂಡು ಈ ಏರು ಹತ್ತಿದ್ವಿ. ಎಸಿ ಹಾಕಿದ್ದೆ. ಡ್ಯಾಶ್‌ಬೋರ್ಡ್‌ನಲ್ಲಿ ಟೆಂಪರೇಚರ್ ಮುಳ್ಳು ನಡುವಲ್ಲೇ ಇತ್ತು. ಯಾವ ದೀಪವೂ ಹತ್ತಲಿಲ್ಲ. ಸುರಂಗ ದಾಟಿ ಇಳಿದು, ಡಿಲನ್ ಹತ್ರ ಮಕ್ಕಳಿಗೆ ಬಾತ್‌ರೂಮ್‌ಗೆ ಅಂತ ನಿಲ್ಲಿಸಿದಾಗ, ಬಾನೆಟ್ ಸಂದಿಯಿಂದ ಒಗ್ಗರಣೆಗೆ ಇಟ್ಟ ಎಣ್ಣೆ ಸೀದಹಾಗೆ ವಾಸನೆ. ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮಟ್ಟ ಸರಿಯಾಗಿತ್ತು, ಆದ್ರೆ ಅದು ಕಡ್ಡಿಯಿಂದ ನೀರಿನ ಹಾಗೆ ತೊಟ್ಟಿಕ್ತಾ ಇತ್ತು.

ಊರಿಗೆ ವಾಪಸ್ ಬಂದು ಗ್ಯಾರೇಜಿಗೆ ಕೊಟ್ಟೆ. ಅವರು ಕಂಪ್ಯೂಟರ್ ಚುಚ್ಚಿ ನೋಡಿ, "ಕೋಡ್ ಇಲ್ಲ, ಮುಳ್ಳು ನಡುವಲ್ಲಿದೆ, ಏನೂ ತೊಂದರೆ ಇಲ್ಲ" ಅಂತ ಬಿಲ್ ಕೊಟ್ಟು ಕಳಿಸಿದ್ರು. ಅವರು ಸುಳ್ಳು ಹೇಳಿದ್ರು ಅಂತ ನಾನು ಹೇಳಲ್ಲ. ಅವರ ಕೈಲಿದ್ದ ಅಳತೆಯಲ್ಲಿ ತೊಂದರೆ ನಿಜವಾಗ್ಲೂ ಕಾಣ್ತಿರಲಿಲ್ಲ.

ಈ ನಡುವಲ್ಲಿರೋ ಮುಳ್ಳಿನ ವಿಷಯ ಸ್ವಲ್ಪ ಬಿಡಿಸಿ ನೋಡೋಣ. ಮೊದಲನೇದಾಗಿ, ಅದು ತೋರಿಸೋದು ಕೂಲೆಂಟ್ ಬಿಸಿ, ನಮ್ಮ ಕಡೆ ರೇಡಿಯೇಟರ್ ನೀರು ಅಂತಾರಲ್ಲ, ಅದರದ್ದು. ಎರಡನೇದು, ಇವತ್ತಿನ ಬಹಳಷ್ಟು ಗಾಡಿಗಳಲ್ಲಿ ಆ ಮುಳ್ಳು ಅದನ್ನೂ ನೇರವಾಗಿ ತೋರಿಸಲ್ಲ. ಕೂಲೆಂಟ್ ಬಿಸಿ ಒಂದು ದೊಡ್ಡ ವ್ಯಾಪ್ತಿಯೊಳಗೆ ಎಲ್ಲೇ ಇದ್ರೂ ಮುಳ್ಳು ನಡುವಲ್ಲೇ ನಿಲ್ಲೋ ಹಾಗೆ ಕಂಪ್ಯೂಟರ್‌ಗೆ ಹೇಳಿಕೊಟ್ಟಿರ್ತಾರೆ. ಮುಳ್ಳು ಸ್ವಲ್ಪ ಅಲುಗಾಡಿದ್ರೂ ಜನ ಗಾಬರಿಯಾಗಿ ಶೋರೂಮಿಗೆ ಓಡಿ ಬರ್ತಾರೆ, ಅದಕ್ಕೆ ಈ ಉಪಾಯ. ದಿನಾ ಆಫೀಸಿಗೆ ಹೋಗಿಬರೋ ಕಾರಿಗೆ ಇದು ಪರವಾಗಿಲ್ಲ. ಏಳು ಟನ್ ಭಾರವನ್ನ ಬೆಟ್ಟ ಹತ್ತಿಸೋ ಗಾಡಿಗೂ ಇದೇ ಮುಳ್ಳು ಇಟ್ಟಿರೋದು ನನ್ನ ತಕರಾರು.

ಸರಿ, ಕೂಲೆಂಟ್ ಬಿಟ್ಟು ಆಯಿಲ್ ಯಾಕೆ ನೋಡಬೇಕು? ಇಂಜಿನ್ ಒಳಗೆ ಆಯಿಲ್ ಹೋಗೋ ಜಾಗಗಳಿಗೆ ಕೂಲೆಂಟ್ ಹೋಗೋದಿಲ್ಲ. ಕ್ರ್ಯಾಂಕ್ ಶಾಫ್ಟಿನ ಬೇರಿಂಗ್‌ಗಳಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇರೋದು ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ, ಹೋಲಿಸಿ ನೋಡಿ. ಟರ್ಬೋ ತಿರುಗೋದೂ ಆಯಿಲ್ ಮೇಲೆ. ಇನ್ನು ಡೀಸೆಲ್ ಇಂಜಿನ್‌ಗಳಲ್ಲಿ ಪಿಸ್ಟನ್ ಕೆಳಭಾಗಕ್ಕೆ ಸಣ್ಣ ನಳಿಕೆಗಳಿಂದ ಆಯಿಲ್ ಚಿಮ್ಮಿಸಿ ತಣ್ಣಗೆ ಮಾಡ್ತಾರೆ. ಅಂದ್ರೆ ಆಯಿಲ್ ಜಾರಿಸೋ ಕೆಲಸದ ಜೊತೆಗೆ ಬಿಸಿ ಹೊತ್ತು ತರೋ ಕೂಲಿಯನ್ನೂ ಮಾಡುತ್ತೆ. ಒಂದು ಕಿಲೋ ನೀರು ಹೊರೋವಷ್ಟು ಬಿಸಿಯನ್ನ ಒಂದು ಕಿಲೋ ಆಯಿಲ್ ಹೊರಲ್ಲ, ಸುಮಾರು ಅರ್ಧ ಅಷ್ಟೆ. ಹಾಗಾಗಿ ಭಾರ ಎಳೆಯುವಾಗ ಆಯಿಲ್ ಬಿಸಿ ಕೂಲೆಂಟನ್ನ ಮೀರಿ ಮೇಲೆ ಹೋಗುತ್ತೆ. ಹತ್ತಿಪ್ಪತ್ತು ಡಿಗ್ರಿ ಹೆಚ್ಚು ಇರೋದು ವಿಶೇಷವೇನಲ್ಲ.

ಬಿಸಿ ಆದ್ರೆ ಏನಾಗುತ್ತೆ? ಆಯಿಲ್ ತೆಳ್ಳಗಾಗುತ್ತೆ, ಅದು ಎಲ್ಲರಿಗೂ ಗೊತ್ತು. ಎಷ್ಟು ತೆಳ್ಳಗೆ ಅನ್ನೋದರಲ್ಲಿ ಸ್ವಾರಸ್ಯ ಇದೆ. ಡೀಸೆಲ್ ಗಾಡಿಗಳಿಗೆ ತುಂಬಾ ಜನ ಹಾಕೋದು 15ಡಬ್ಲ್ಯೂ-40 ಆಯಿಲ್. ಇದರಲ್ಲಿ 40 ಅಂದ್ರೆ 40 ಡಿಗ್ರಿ ಅಲ್ಲ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿರಬೇಕು ಅನ್ನೋ ಒಂದು ದರ್ಜೆಯ ಹೆಸರು ಅದು. ನಿಮ್ಮ ಆಯಿಲ್ 40 ಡಿಗ್ರಿಯಲ್ಲಿ ಸುಮಾರು 115, ನೂರು ಡಿಗ್ರಿಯಲ್ಲಿ 15 ಇದೆ ಅಂದುಕೊಳ್ಳಿ. ಅದೇ ಆಯಿಲ್ 130 ಡಿಗ್ರಿಗೆ ಏರಿದ್ರೆ ಸ್ನಿಗ್ಧತೆ 8ರ ಹತ್ರ ಬರುತ್ತೆ. ಇದು ಸಾಮಾನ್ಯವಾಗಿ ಬಳಸೋ ಸೂತ್ರದಿಂದ ನಾನೇ ಹಾಕಿದ ಲೆಕ್ಕ. ಬರೀ 30 ಡಿಗ್ರಿ ವ್ಯತ್ಯಾಸಕ್ಕೆ ಹೆಚ್ಚುಕಮ್ಮಿ ಅರ್ಧ. ನೀವು 40ರ ಆಯಿಲ್ ಹಾಕಿದೀನಿ ಅಂತ ನೆಮ್ಮದಿಯಾಗಿರ್ತೀರಿ, ಬೇರಿಂಗ್‌ಗೆ ಮಾತ್ರ ಅದಕ್ಕಿಂತ ಎರಡು ದರ್ಜೆ ತೆಳುವಾದ ಆಯಿಲ್ ಸಿಕ್ಕಹಾಗೆ ಇರುತ್ತೆ. ಇದರ ಮೇಲೆ ಆಯಿಲ್ ಹಾಳಾಗೋ ವೇಗ ಬೇರೆ. ಬಿಸಿಯಲ್ಲಿ ಆಯಿಲ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಡುತ್ತೆ, ಪ್ರತಿ 10 ಡಿಗ್ರಿಗೆ ಆ ವೇಗ ಸುಮಾರು ದುಪ್ಪಟ್ಟು ಅನ್ನೋದು ರಸಾಯನಶಾಸ್ತ್ರದವರ ಒರಟು ಲೆಕ್ಕ.

ಆ ತೆಳು ಪದರ ಅಷ್ಟು ಭಾರ ಹೇಗೆ ಹೊರುತ್ತೆ ಅಂತ ಕಂಡುಹಿಡಿದದ್ದೇ ಒಂದು ಗೇಜ್, ಅದೂ ಅಕಸ್ಮಾತ್ತಾಗಿ. ಇಂಗ್ಲೆಂಡಿನಲ್ಲಿ ಬೋಶಾಂ ಟವರ್ ಅನ್ನೋ ಇಂಜಿನಿಯರ್ ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆಗಾಗಿ ರೈಲಿನ ಬೇರಿಂಗ್‌ಗಳ ಘರ್ಷಣೆ ಅಳೀತಿದ್ದ. 1883ರಲ್ಲಿ ಅವನ ಮೊದಲ ವರದಿ ಬಂತು. ಬೇರಿಂಗ್ ಮೇಲ್ಭಾಗಕ್ಕೆ ಎಣ್ಣೆ ಬಿಡೋಕೆ ಅಂತ ಒಂದು ತೂತು ಕೊರೆದ. ಶಾಫ್ಟ್ ತಿರುಗಿಸಿದ್ರೆ ಎಣ್ಣೆ ಒಳಗೆ ಹೋಗೋ ಬದಲು ಆ ತೂತಿನಿಂದ ಹೊರಗೆ ಉಕ್ಕಿ ಬಂತು. ಗಲೀಜಾಗುತ್ತಲ್ಲ ಅಂತ ಕಾರ್ಕ್ ಹಾಕಿ ಮುಚ್ಚಿದ, ಅದು ಹೊರಗೆ ಬಂತು. ಮರದ ಬೆಣೆ ಹೊಡೆದ, ಅದನ್ನೂ ಎಣ್ಣೆ ನಿಧಾನವಾಗಿ ತಳ್ಳಿ ಹಾಕಿತು. ಆಮೇಲೆ ಆ ತೂತಿಗೆ ಒಂದು ಪ್ರೆಶರ್ ಗೇಜ್ ತಿರುಗಿಸಿ ಕೂರಿಸಿದ. ಮುಳ್ಳು ಗೇಜಿನ ಕೊನೆ, ಅಂದ್ರೆ ಚದರ ಇಂಚಿಗೆ 200 ಪೌಂಡ್, ದಾಟಿ ಹೋಯ್ತು. ಬೇರಿಂಗ್ ಮೇಲೆ ಬಿದ್ದಿದ್ದ ಸರಾಸರಿ ಭಾರ ಅದರ ಅರ್ಧದಷ್ಟು ಮಾತ್ರ. ಶಾಫ್ಟ್ ತಿರುಗುತ್ತಾ ತಾನೇ ಎಣ್ಣೆಯನ್ನ ಸಂದಿಗೆ ಎಳೆದುಕೊಂಡು ಅದರ ಮೇಲೆ ತೇಲ್ತಾ ಇದೆ ಅನ್ನೋದು ಆಗ ಗೊತ್ತಾಯ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದ, ಬೇರಿಂಗ್ ವಿನ್ಯಾಸ ಮಾಡೋರು ಇವತ್ತಿಗೂ ಅದೇ ಸಮೀಕರಣ ಬಳಸ್ತಾರೆ. ಅದರ ಪ್ರಕಾರ ಭಾರ ಹೊರೋ ಶಕ್ತಿ ನಿಂತಿರೋದು ಶಾಫ್ಟಿನ ವೇಗದ ಮೇಲೆ ಮತ್ತು ಎಣ್ಣೆಯ ಸ್ನಿಗ್ಧತೆ ಮೇಲೆ. ಅರ್ಧ ಸ್ನಿಗ್ಧತೆ ಅಂದ್ರೆ ತೆಳುವಾದ ಪದರ ಅಂತಲೇ ಅರ್ಥ.

ಈಗ ಬೆಟ್ಟದ ಲೆಕ್ಕ ಹಾಕೋಣ, ನನಗೆ ಇದು ಇಷ್ಟ. ಟ್ರಕ್, ಟ್ರೇಲರ್ ಸೇರಿ ಏಳು ಟನ್. ಜಾರ್ಜ್‌ಟೌನ್‌ನಿಂದ ಸುರಂಗದವರೆಗೆ ನೇರ ಎತ್ತರ 800 ಮೀಟರ್. ಇಷ್ಟು ಭಾರವನ್ನ ಅಷ್ಟು ಮೇಲೆ ಎತ್ತೋಕೆ ಸುಮಾರು 55 ಮೆಗಾಜೂಲ್ ಬೇಕು. ಗಾಳಿಯ ತಡೆ, ಟೈರಿನ ಘರ್ಷಣೆ ಎಲ್ಲ ಬಿಟ್ಟು ಬರೀ ಎತ್ತರಕ್ಕೆ ಇಷ್ಟು. ಡೀಸೆಲ್ ಇಂಜಿನ್ ಇಂಧನದ ಶೇಕಡಾ 40ರಷ್ಟನ್ನ ಕೆಲಸವಾಗಿ ಬದಲಾಯಿಸುತ್ತೆ ಅಂತ ಉದಾರವಾಗಿ ಇಟ್ಟುಕೊಂಡರೂ, ಉಳಿದ 80ಕ್ಕೂ ಹೆಚ್ಚು ಮೆಗಾಜೂಲ್ ಬಿಸಿಯಾಗಿ ಹೋಗಬೇಕು. ಅಷ್ಟು ಬಿಸಿಯಲ್ಲಿ ಮೂವತ್ತು ಲೀಟರ್ ತಣ್ಣೀರನ್ನ ಕುದಿಸಿ ಪೂರ್ತಿ ಆವಿ ಮಾಡಿಬಿಡಬಹುದು. ಒಂದು ಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತೆ, ಮಿಕ್ಕಿದ್ದು ಕೂಲೆಂಟ್ ಮತ್ತು ಆಯಿಲ್ ಪಾಲಿಗೆ. ಇದೆಲ್ಲ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ. ಸಾಲದ್ದಕ್ಕೆ ಸುರಂಗದ ಹತ್ರ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಶೇಕಡಾ 30ರಷ್ಟು ಕಡಿಮೆ. ಫ್ಯಾನ್ ಅಷ್ಟೇ ಜೋರಾಗಿ ತಿರುಗಿದ್ರೂ ರೇಡಿಯೇಟರ್ ಮೂಲಕ ಹೋಗೋ ಗಾಳಿಯ ತೂಕ ಕಡಿಮೆ.

"ಕಂಪನಿಯವರು ಇದನ್ನೆಲ್ಲ ಪರೀಕ್ಷೆ ಮಾಡೇ ಮಾರೋದು" ಅಂತ ನನ್ನ ಸ್ನೇಹಿತರು ಹೇಳ್ತಾರೆ. ನಿಜ, ಮಾಡ್ತಾರೆ. ಅಮೆರಿಕದಲ್ಲಿ ಎಸ್‌ಎಇ ಜೆ2807 ಅನ್ನೋ ಮಾನದಂಡ ಇದೆ. ಆರಿಝೋನಾದ ಡೇವಿಸ್ ಡ್ಯಾಮ್ ಹತ್ತಿರದ ಏರನ್ನ ಮಾದರಿಯಾಗಿ ಇಟ್ಟುಕೊಂಡು, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ, ಎಸಿ ಪೂರ್ತಿ ಹಾಕಿ, ಟ್ರೇಲರ್ ಎಳೆಸಿ ನೋಡ್ತಾರೆ. ನಾನು ಆ ಪರೀಕ್ಷೆಯನ್ನ ಗೌರವಿಸ್ತೀನಿ. ಆದ್ರೆ ಅಲ್ಲಿ ಏರೋದು ಹೊಸ ಗಾಡಿ, ಅದರ ಆಯಿಲ್ ಕೂಲರ್ ಒಳಗೆ ಕಸ ಇಲ್ಲ. ನನ್ನದು ಇಬ್ಬರು ಮಾಲೀಕರನ್ನ ಕಂಡ ಗಾಡಿ. ಅವರು ಕೂಲೆಂಟ್ ಯಾವಾಗ ಬದಲಾಯಿಸಿದ್ರೋ, ಏನು ಹಾಕಿದ್ರೋ, ಆ ಪರೀಕ್ಷೆಗೆ ಏನು ಗೊತ್ತು?

ಹೀಗಾಗಿ ಗೇಜ್ ತರಿಸಿದೆ, ಸೆನ್ಸರ್ ಸೇರಿ ನೂರು ಡಾಲರ್ ಆಸುಪಾಸು. ಕೂರಿಸೋ ಮೊದಲು ಅದು ಸರಿಯಾಗಿ ಓದುತ್ತಾ ಅಂತ ನೋಡಬೇಕಲ್ಲ. ಹಾಲು ಕಾಯಿಸೋ ಪಾತ್ರೆಯಲ್ಲಿ ನೀರು ಕುದಿಸಿ ಸೆನ್ಸರ್ ಇಳಿಬಿಟ್ಟೆ. ಹನ್ನೆರಡು ವೋಲ್ಟಿಗೆ ಒಂದು ಹಳೇ ಬ್ಯಾಟರಿ. ನೀರು ಕೊತಕೊತ ಕುದೀತಿದೆ, ಗೇಜ್ 203 ಡಿಗ್ರಿ ಫ್ಯಾರನ್‌ಹೀಟ್ ಅಂತಿದೆ, ಅಂದ್ರೆ 95 ಸೆಲ್ಸಿಯಸ್. "ಥತ್, ಕಳಪೆ ಮಾಲು" ಅಂತ ವಾಪಸ್ ಕಳಿಸೋಕೆ ಡಬ್ಬಿ ಹುಡುಕ್ತಿದ್ದೆ. ನನ್ನ ಹೆಂಡತಿ ನಗ್ತಾ, "ರೀ, ಇಲ್ಲಿ ಬೇಳೆ ಕುಕ್ಕರ್ ಇಲ್ಲದೆ ಯಾಕೆ ಬೇಯಲ್ಲ ಅಂತ ಹೋದ ವಾರ ಮಗಳಿಗೆ ನೀವೇ ತಾನೆ ಪಾಠ ಮಾಡಿದ್ದು?" ಅಂದಳು. ಡೆನ್ವರ್ ಇರೋದು 1,600 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು ಕುದಿಯೋದೇ ಸುಮಾರು 95ಕ್ಕೆ. ಗೇಜ್ ಸರಿಯಾಗಿತ್ತು. ಆ ಪಾತ್ರೆ ಮಾತ್ರ ಮತ್ತೆ ಅಡುಗೆಮನೆಗೆ ಸೇರಲಿಲ್ಲ, ಈಗಲೂ ಗ್ಯಾರೇಜಲ್ಲೇ ಇದೆ.

ಆಮೇಲೆ ಮಾಡಿದ ತಪ್ಪು ದೊಡ್ಡದು. ಸೆನ್ಸರ್ ಎಲ್ಲಿ ಕೂರಿಸೋದು? ಸುಲಭ ಅಂತ ಆಯಿಲ್ ಪ್ರೆಶರ್ ಸೆನ್ಸರ್ ಇದ್ದ ಜಾಗಕ್ಕೆ ಒಂದು ಟೀ ಹಾಕಿ, ಅದರ ಒಂದು ಕವಲಿಗೆ ಇದನ್ನ ತಿರುಗಿಸಿದೆ. ಒಂದು ತಿಂಗಳು ಓಡಿಸಿದೆ. ಬೆಟ್ಟ ಹತ್ತುವಾಗಲೂ 90 ದಾಟಲಿಲ್ಲ. ಎಷ್ಟು ಖುಷಿ! ಎಲ್ಲರಿಗೂ ಹೇಳಿಕೊಂಡು ಬಂದೆ. ಆಮೇಲೆ ಒಂದು ರಾತ್ರಿ ಮಲಗಿರುವಾಗ ಹೊಳೀತು: ಆ ಟೀ ಕವಲು ಮುಚ್ಚಿದ ತುದಿ, ಅಲ್ಲಿ ಆಯಿಲ್ ಹರಿಯೋದೇ ಇಲ್ಲ. ಒತ್ತಡ ನಿಂತ ಎಣ್ಣೆಯಲ್ಲೂ ತಲುಪುತ್ತೆ, ಆದ್ರೆ ಬಿಸಿ ತಲುಪೋಕೆ ಎಣ್ಣೆ ಹರೀಬೇಕು. ನಾನು ಒಂದು ತಿಂಗಳಿಂದ ಅಳೀತಿದ್ದದ್ದು ಒಂದು ಹಿತ್ತಾಳೆ ತುಂಡಿನ ಬಿಸಿ. ಗೇಜ್ ಇಲ್ಲದಿದ್ದಾಗ ಕನಿಷ್ಠ ಅನುಮಾನ ಇತ್ತು, ಈ ತಪ್ಪು ಗೇಜ್ ಆ ಅನುಮಾನವನ್ನೂ ತೆಗೆದುಹಾಕಿತ್ತು. ಹಾಗಾಗಿ ಗೇಜ್ ಹಾಕಿ ಅಂತ ಹೇಳುವಾಗ ಜಾಗದ ವಿಷಯ ಗಟ್ಟಿಯಾಗಿ ಹೇಳ್ತೀನಿ.

ಒಳ್ಳೇ ಜಾಗಗಳು ಎರಡು. ಒಂದು, ಕೆಳಗೆ ಆಯಿಲ್ ಪ್ಯಾನ್, ನಮ್ಮೂರ ಮೆಕ್ಯಾನಿಕ್‌ಗಳು ಚೇಂಬರ್ ಅನ್ನೋದು. ಇಂಜಿನ್ ಎಲ್ಲ ಸುತ್ತಿ ಬಿಸಿ ಹೊತ್ತು ತಂದ ಆಯಿಲ್ ಅಲ್ಲಿ ಬೀಳುತ್ತೆ, ಹಾಗಾಗಿ ಅಲ್ಲಿ ಓದು ಹೆಚ್ಚು. ಡ್ರೈನ್ ಪ್ಲಗ್ ಜಾಗದಲ್ಲೇ ಕೂರೋ ಸೆನ್ಸರ್‌ಗಳು ಸಿಗುತ್ತವೆ, ಆದ್ರೆ ಅವು ಕೆಳಗೆ ಚಾಚಿಕೊಂಡಿದ್ರೆ ಕಲ್ಲು ಬಡಿಯೋ ಭಯ. ಇನ್ನೊಂದು, ಫಿಲ್ಟರ್ ಕೂರೋ ತಲೆಯ ಹತ್ರ ಅಥವಾ ಆಯಿಲ್ ಗ್ಯಾಲರಿಯಲ್ಲಿ ಇರೋ ಪರೀಕ್ಷಾ ತೂತು. ಅಲ್ಲಿ ಹರಿಯೋದು ಕೂಲರ್ ದಾಟಿ ಬೇರಿಂಗ್‌ಗೆ ಹೊರಟ ಆಯಿಲ್. ಬೇರಿಂಗ್‌ಗೆ ಸಿಗೋದು ಯಾವುದೋ ಅದನ್ನೇ ಅಳೆಯೋಣ ಅಂತ ನಾನು ಎರಡನೇದನ್ನ ಆರಿಸಿಕೊಂಡೆ. ಕೆಲಸ ಮಾಡುವಾಗ ಥ್ರೆಡ್ ನೋಡ್ಕೊಳ್ಳಿ. ಇಲ್ಲಿನ ಸೆನ್ಸರ್‌ಗಳು ಹೆಚ್ಚಾಗಿ ಒಂದರ ಎಂಟನೇ ಇಂಚಿನ ಟೇಪರ್ ಥ್ರೆಡ್, ಕೆಲವು ಇಂಜಿನ್‌ಗಳ ತೂತು ಮೆಟ್ರಿಕ್. ಎರಡು ಸುತ್ತು ಹಿಡಿದುಕೊಂಡು, ಆಮೇಲೆ ಬಿಗಿಯಾಗ್ತಿದ್ದಂಗೆ ಅಲ್ಯೂಮಿನಿಯಂ ಸೀಳಿಬಿಡುತ್ತೆ. ವೈರಿಗೆ ಫ್ಯೂಸ್ ಹಾಕದೆ ಬ್ಯಾಟರಿಗೆ ಕಟ್ಟೋರನ್ನ ನೋಡಿದ್ದೀನಿ, ದಯವಿಟ್ಟು ಬೇಡ.

ಸರಿಯಾದ ಜಾಗಕ್ಕೆ ಬಂದ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಕೂಲೆಂಟ್ ಬಿಸಿಯನ್ನ ಓಬಿಡಿ ಪೋರ್ಟ್‌ನಿಂದ ಫೋನಿಗೆ ತಗೊಂಡೆ, ಆಯಿಲ್ ಬಿಸಿ ಗೇಜಿನಿಂದ. ಸಮತಟ್ಟು ರಸ್ತೆಯಲ್ಲಿ, ಟ್ರೇಲರ್ ಇಲ್ಲದೆ, ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಎರಡರ ನಡುವಿನ ವ್ಯತ್ಯಾಸ ಎಷ್ಟು ಅಂತ ಬರೆದಿಟ್ಟೆ. ಮೊದಲ ತಿಂಗಳು 14 ಡಿಗ್ರಿ. ಇದು ಸರಿಯಾ ತಪ್ಪಾ? ಗೊತ್ತಿರಲಿಲ್ಲ, ಹೋಲಿಸೋಕೆ ಹಿಂದಿನದು ಇಲ್ಲವಲ್ಲ. ಚಳಿಗಾಲ ಕಳೆದು ಮಾರ್ಚ್‌ಗೆ ಅದೇ ರಸ್ತೆ, ಅದೇ ವೇಗ: 25. ಡ್ಯಾಶ್‌ಬೋರ್ಡ್ ಮುಳ್ಳು ಆಗಲೂ ನಡುವಲ್ಲೇ.

ಬಹಳ ಡೀಸೆಲ್ ಇಂಜಿನ್‌ಗಳಲ್ಲಿ ಆಯಿಲ್ ಕೂಲರ್ ಅಂದ್ರೆ ಒಂದು ಪಕ್ಕದಲ್ಲಿ ಆಯಿಲ್, ಇನ್ನೊಂದು ಪಕ್ಕದಲ್ಲಿ ಕೂಲೆಂಟ್ ಹರಿಯೋ ತೆಳು ತಗಡುಗಳ ಕಟ್ಟು. ಕೂಲೆಂಟ್ ದಾರಿ ಕಟ್ಟಿಕೊಂಡ್ರೆ ಆಯಿಲ್ ತನ್ನ ಬಿಸಿ ಇಳಿಸೋಕಾಗಲ್ಲ, ಆದ್ರೆ ಕೂಲೆಂಟ್ ಬಿಸಿ ಎಂದಿನಂತೆ ಕಾಣುತ್ತೆ. ಇನ್ನೂ ವಿಚಿತ್ರ ಅಂದ್ರೆ, ಆಯಿಲ್‌ನಿಂದ ಬರಬೇಕಾದ ಬಿಸಿ ಬರದೇ ಇರೋದ್ರಿಂದ ಕೂಲೆಂಟ್ ಸ್ವಲ್ಪ ತಣ್ಣಗೇ ಇರಬಹುದು! ಈ ನೋಟ್‌ಬುಕ್ ಹಿಡಿದು ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಎರಡು ಪುಟ ತಿರುಗಿಸಿ, ಇನ್ನೇನೂ ಕೇಳದೆ ಕೂಲರ್ ಬಿಚ್ಚಿದ. ಕೂಲೆಂಟ್ ಹೋಗೋ ಸಂದಿಗಳಲ್ಲಿ ಕಂದು ಕೆಸರು ತುಂಬಿಕೊಂಡಿತ್ತು. ಹೊಸದು ಹಾಕಿ, ಕೂಲೆಂಟ್ ಪೂರ್ತಿ ತೊಳೆದು ಬದಲಾಯಿಸಿದ ಮೇಲೆ ವ್ಯತ್ಯಾಸ 8 ಡಿಗ್ರಿಗೆ ಬಂತು. ಮೊದಲ ತಿಂಗಳ 14 ಕೂಡ ಕಾಯಿಲೆಯೇ ಆಗಿತ್ತು ಅಂತ ಆಗ ಗೊತ್ತಾಯ್ತು. ಕೂಲರ್ ಬದಲಾಯಿಸೋ ಖರ್ಚು ನೋವು ಕೊಡ್ತು, ಸುಳ್ಳು ಹೇಳಲ್ಲ. ಆದ್ರೆ ಇಂಜಿನ್ ಬೋರಿಗೆ ಬಂದಿದ್ರೆ ಹತ್ತು ಸಾವಿರ ಡಾಲರ್ ಮೇಲೆಯೇ, ಅದೂ ಮಕ್ಕಳನ್ನ ಕೂರಿಸಿಕೊಂಡು ಬೆಟ್ಟದ ಮಧ್ಯೆ ನಿಂತಾಗ.

ಗಾಡಿ ಚೆನ್ನಾಗಿರುವಾಗಲೇ ಗೇಜ್ ಹಾಕಿ ಅಂತ ನಾನು ಹೇಳೋದು ಇದಕ್ಕೇ. ಕಾಯಿಲೆ ಬಂದ ಮೇಲೆ ಹಾಕಿದ್ರೆ ಆರೋಗ್ಯದ ನಂಬರ್ ಎಷ್ಟಿತ್ತು ಅಂತ ತಿಳಿಯೋಕೆ ದಾರಿ ಇರಲ್ಲ.

ಈಗ ಆಕ್ಷೇಪಣೆಗಳು. "ಓಬಿಡಿಯಲ್ಲೇ ಆಯಿಲ್ ಟೆಂಪರೇಚರ್ ಬರುತ್ತಲ್ಲ, ಬೇರೆ ಗೇಜ್ ಯಾಕೆ?" ಇದು ನ್ಯಾಯವಾದ ಪ್ರಶ್ನೆ. ಓಬಿಡಿ ಮಾನದಂಡದಲ್ಲಿ ಅದಕ್ಕೆ ಒಂದು ಸಂಕೇತ ಇದೆ, 5ಸಿ ಅಂತ. ಬಂದ ಸಂಖ್ಯೆಯಲ್ಲಿ 40 ಕಳೆದ್ರೆ ಸೆಲ್ಸಿಯಸ್. ನಿಮ್ಮ ಗಾಡಿಯಲ್ಲಿ ನಿಜವಾದ ಸೆನ್ಸರ್ ಇದ್ದು ಈ ಸಂಖ್ಯೆ ಬರ್ತಿದ್ರೆ, ಇಪ್ಪತ್ತು ಮೂವತ್ತು ಡಾಲರ್ ಕೊಟ್ಟು ಒಂದು ರೀಡರ್ ತಗೊಳ್ಳಿ, ತೂತು ಕೊರೆಯೋ ಗೋಜು ಬೇಡ. ಆದ್ರೆ ಎಲ್ಲ ಗಾಡಿಗಳೂ ಈ ಸಂಕೇತಕ್ಕೆ ಉತ್ತರ ಕೊಡಲ್ಲ. ಕೆಲವು ಗಾಡಿಗಳಲ್ಲಿ ಸೆನ್ಸರೇ ಇಲ್ಲ, ಕಂಪ್ಯೂಟರ್ ಇಂಜಿನ್ ವೇಗ, ಇಂಧನ, ಕೂಲೆಂಟ್ ಬಿಸಿ ನೋಡಿ ಆಯಿಲ್ ಇಷ್ಟು ಇರಬಹುದು ಅಂತ ಊಹೆ ಮಾಡುತ್ತೆ. ಆ ಲೆಕ್ಕದಲ್ಲಿ ಕೂಲರ್ ಕಟ್ಟಿಕೊಂಡಿರೋದು ಎಲ್ಲಿ ಬರುತ್ತೆ? ನನಗೆ ಬೇಕಿರೋದು ಅಳತೆ.

"ಗೇಜ್ ಹಾಕೋದಾದ್ರೆ ಮೊದಲು ಎಕ್ಸಾಸ್ಟ್ ಬಿಸಿ ತೋರಿಸೋ ಪೈರೋಮೀಟರ್ ಹಾಕು" ಅಂತ ಡೀಸೆಲ್ ಪ್ರಿಯರು ಜಗಳಕ್ಕೇ ಬರ್ತಾರೆ. ಇಂಜಿನ್ ಟ್ಯೂನ್ ಮಾಡಿಸಿ ಹೆಚ್ಚು ಇಂಧನ ಸುರೀತಿದ್ರೆ ಅವರ ಮಾತೇ ಸರಿ, ಪಿಸ್ಟನ್ ಕರಗೋಕೆ ನಿಮಿಷಗಳು ಸಾಕು, ಆಯಿಲ್ ಗೇಜ್ ಅಷ್ಟರಲ್ಲಿ ಅಲ್ಲಾಡಿರೋದೂ ಇಲ್ಲ. ಕಂಪನಿ ಕೊಟ್ಟ ಹಾಗೇ ಇರೋ ಗಾಡಿಯಲ್ಲಿ ಆ ಕಾವಲನ್ನ ಕಂಪ್ಯೂಟರ್ ಒಂದು ಮಟ್ಟಕ್ಕೆ ನೋಡಿಕೊಳ್ಳುತ್ತೆ. ಅಲ್ಲಿ ಒಂದೇ ಗೇಜಿಗೆ ದುಡ್ಡಿದ್ರೆ ನನ್ನ ಓಟು ಆಯಿಲ್‌ಗೆ. ಅದರ ನಿಧಾನವೇ ಅದರ ಗುಣ. ಕಳೆದ ಹತ್ತು ನಿಮಿಷ ಇಂಜಿನ್ ಎಷ್ಟು ದುಡಿದಿದೆ ಅನ್ನೋ ಒಟ್ಟು ಲೆಕ್ಕ ಅದರಲ್ಲಿ ಸಿಗುತ್ತೆ.

ಕೆನಡಾದಿಂದ, ಮಿನೆಸೋಟಾದಿಂದ ಕೇಳೋರಿಗೆ ಬಿಸಿಗಿಂತ ಚಳಿಯ ಕಡೆ ಇದು ಹೆಚ್ಚು ಉಪಯೋಗ. ನಾನು ಹೇಳಿದ ಅದೇ ಆಯಿಲ್ ಸೊನ್ನೆ ಡಿಗ್ರಿಯಲ್ಲಿ ಸಾವಿರ ಸೆಂಟಿಸ್ಟೋಕ್ ದಾಟಿರುತ್ತೆ, ಜೇನುತುಪ್ಪದ ಹಾಗೆ. ಬೆಳಿಗ್ಗೆ ಹೊರಟು ಹತ್ತು ನಿಮಿಷಕ್ಕೆ ಹೀಟರ್ ಬೆಚ್ಚಗೆ ಬಂತು, ಮುಳ್ಳು ನಡುವಿಗೆ ಬಂತು, ಇನ್ನೇನು ಆಕ್ಸಿಲರೇಟರ್ ಒತ್ತೋಣ ಅನ್ಸುತ್ತೆ. ಜನವರಿಯಲ್ಲಿ ನನ್ನ ಗೇಜ್ ನೋಡಿದ್ರೆ ಆ ಹೊತ್ತಿಗೆ ಆಯಿಲ್ 45, 50. ಪೂರ್ತಿ ಬಿಸಿಯಾಗೋಕೆ ಇನ್ನೂ ಹದಿನೈದು ನಿಮಿಷ ಬೇಕು. ನನ್ನ ಆಫೀಸು ಇರೋದು ಹನ್ನೆರಡು ನಿಮಿಷ ದೂರ! ಅಂದ್ರೆ ಇಡೀ ಚಳಿಗಾಲ ವಾರದ ದಿನಗಳಲ್ಲಿ ಆಯಿಲ್ ಒಮ್ಮೆಯೂ ಸರಿಯಾಗಿ ಕಾಯಲ್ಲ, ಒಳಗೆ ಸೇರಿದ ನೀರಿನಂಶ ಆವಿಯಾಗಿ ಹೋಗಲ್ಲ. ಮೇಲಿಂದ, ಹೊಗೆ ಫಿಲ್ಟರ್ ಸುಡೋಕೆ ಅಂತ ಕೆಲವು ಇಂಜಿನ್‌ಗಳು ಸಿಲಿಂಡರ್‌ಗೆ ಹೆಚ್ಚುವರಿ ಡೀಸೆಲ್ ಬಿಡ್ತವೆ, ಅದರಲ್ಲಿ ಸ್ವಲ್ಪ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತೆ. ಈ ಗೇಜ್ ನೋಡಿದ ಮೇಲೆ ನಾನು ಆಫೀಸಿಗೆ ಸಣ್ಣ ಕಾರು ತಗೊಂಡು ಹೋಗೋಕೆ ಶುರುಮಾಡಿದೆ.

ಇದನ್ನೆಲ್ಲ ಊರಿಗೆ ಫೋನ್ ಮಾಡಿದಾಗ ನಮ್ಮ ಸೋದರಮಾವನಿಗೆ ಹೇಳಿದೆ. ಸಕಲೇಶಪುರದಲ್ಲಿದ್ದುಕೊಂಡು ಮೂವತ್ತು ವರ್ಷ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು, ಈಗ ಎರಡು ಲಾರಿ ಇಟ್ಟಿದ್ದಾರೆ. "ಅಲ್ಲ ಕಣೋ, ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ಮುಟ್ಟಿದ್ರೆ ಗೊತ್ತಾಗಲ್ವೇನೋ? ಅದಕ್ಕೂ ಒಂದು ಮೀಟ್ರಾ?" ಅಂದ್ರು. "ಮಾವ, 60 ದಾಟಿದ್ರೆ ಬೆರಳು ಇಟ್ಕೊಳ್ಳೋಕೇ ಆಗಲ್ಲ, 95ಕ್ಕೂ 125ಕ್ಕೂ ಬೆರಳಿಗೆ ಒಂದೇ, ಸುಡುತ್ತೆ ಅಷ್ಟೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ರ ಒಳ್ಳೇ ಉತ್ತರ ಇರಲಿಲ್ಲ. "ಸರಿ, ಹಾಕಿಸ್ತೀನಿ ಅಂತಿಟ್ಕೋ. ಗಾಡಿ ನನ್ನದು, ಓಡಿಸೋನು ಡ್ರೈವರ್ರು. ಮಳೇಲಿ ಆ ತಿರುವಿನಲ್ಲಿ ರಸ್ತೆ ನೋಡ್ತಾನೋ, ನಿನ್ನ ಮುಳ್ಳು ನೋಡ್ತಾನೋ?"

ಅವರು ಹೇಳಿದ್ದು ಸರಿ. ಆಮೇಲೆ ನನ್ನ ಗೇಜಿಗೆ ಒಂದು ಬಜರ್ ಸೇರಿಸಿದೆ. 120 ಡಿಗ್ರಿಗೆ ಒಂದು ಸಲ ಕೂಗುತ್ತೆ, ನಾನು ಗಮನ ಕೊಡ್ತೀನಿ. 125 ಬಂದ್ರೆ ಗೇರ್ ಇಳಿಸಿ, ವೇಗ ಕಡಿಮೆ ಮಾಡ್ತೀನಿ. ಆಗ ಇಂಜಿನ್ ಹೆಚ್ಚು ಸುತ್ತು ತಿರುಗಿ ಕೂಲೆಂಟ್ ಪಂಪು, ಆಯಿಲ್ ಪಂಪು ಜೋರಾಗಿ ಓಡ್ತವೆ, ಒಂದೊಂದು ಸುತ್ತಿಗೆ ಬೀಳೋ ಭಾರ ಕಡಿಮೆಯಾಗುತ್ತೆ. ಹಿಂದಿನವರು ಹಾರ್ನ್ ಹೊಡೆದ್ರೆ ಹೊಡೀಲಿ, ಲಾರಿಗಳ ಲೇನ್‌ನಲ್ಲಿ ಹಜಾರ್ಡ್ ಲೈಟ್ ಹಾಕಿಕೊಂಡು ಹೋಗ್ತೀನಿ. ಇವು ನನ್ನ ಇಂಜಿನ್, ನನ್ನ ಸೆನ್ಸರ್ ಜಾಗ, ನಾನು ಹಾಕೋ ಆಯಿಲ್‌ಗೆ ನಾನು ಇಟ್ಟುಕೊಂಡ ಎಲ್ಲೆಗಳು. ನಿಮ್ಮ ಗಾಡಿಯ ಪುಸ್ತಕ ಏನು ಹೇಳುತ್ತೋ ಅದನ್ನ ಮೊದಲು ನೋಡಿ.

ಕಂಪನಿಗಳಿಗೆ ನನ್ನ ಬೇಡಿಕೆ ಸಣ್ಣದು. ಹನ್ನೆರಡು ಇಂಚಿನ ಪರದೆ ಕೊಡ್ತೀರಿ, ಅದರಲ್ಲಿ ಹಾಡಿನ ಆಲ್ಬಂ ಚಿತ್ರ ಬರುತ್ತೆ, ಹವಾಮಾನ ಬರುತ್ತೆ. ಟ್ರೇಲರ್ ಎಳೆಯೋಕೆ ಅಂತಲೇ ಮಾರೋ ಗಾಡಿಯಲ್ಲಿ ಕೂಲೆಂಟ್ ಮತ್ತು ಆಯಿಲ್ ಬಿಸಿಯನ್ನ ಎರಡು ನಿಜವಾದ ಸಂಖ್ಯೆಗಳಾಗಿ ತೋರಿಸಿ. ಕೆಲವು ಮಾದರಿಗಳಲ್ಲಿ ಈಗಾಗಲೇ ಇದು ಇದೆ, ಹಾಗಾಗಿ ಆಗಲ್ಲ ಅನ್ನೋ ಮಾತು ಬೇಡ.

ಈ ಶನಿವಾರ ಮತ್ತೆ ಸುರಂಗದ ಕಡೆ ಹೊರಟಿದ್ದೀವಿ, ಈ ಸಲ ಅತ್ತೆ ಮಾವನೂ ಜೊತೆಗಿದ್ದಾರೆ, ಅಂದ್ರೆ ಟ್ರೇಲರ್‌ನಲ್ಲಿ ಒಂದು ಗ್ರೈಂಡರ್ ಹೆಚ್ಚು. ನಿಮ್ಮಲ್ಲಿ ಯಾರ ಹತ್ರ ಆಯಿಲ್ ಗೇಜ್ ಇದೆಯೋ ಅವರು ಸಮತಟ್ಟು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದ ಮೇಲಿನ ವ್ಯತ್ಯಾಸವನ್ನ ನಮಗೆ ಬರೆದು ಕಳಿಸಿ: ಯಾವ ಇಂಜಿನ್, ಎಷ್ಟು ಓಡಿದೆ, ಯಾವ ದರ್ಜೆ ಆಯಿಲ್, ಸೆನ್ಸರ್ ಎಲ್ಲಿದೆ. ಸೆನ್ಸರ್ ಎಲ್ಲಿದೆ ಅಂತ ಬರೀದೆ ಬರೀ ನಂಬರ್ ಕಳಿಸಬೇಡಿ, ನನ್ನ ಹಿತ್ತಾಳೆ ಟೀ ಕಥೆ ಕೇಳಿದ್ದೀರಲ್ಲ.